ಮೂರನೇ ಮೀಟು

ಬ್ಯಾಡಗಿ
ಭಾನುವಾರ, 9 ಮಾರ್ಚ್ 2025

ಪ್ರೀತಿಯ ಗೆಳತಿ ಶ್ವೇತಾಳಿಗೆ ಹೊಳಿಯವ್ವ ಮಾಡುವ ನಮಸ್ಕಾರ.

ಕ್ಷೇಮಸಮಾಚಾರ ಆಮೇಲೆ ಬರೆಯುತ್ತೇನೆ. ಮೊದಲು ಒಂದು ಮಾತು ಹೇಳಿಬಿಡಬೇಕು, ಪುಟ ತುಂಬಿದ ಮೇಲೆ ಧೈರ್ಯ ಸಾಲುವುದಿಲ್ಲ. ಎರಡು ವರ್ಷದಿಂದ ಭಾನುವಾರಕ್ಕೊಂದರಂತೆ ನಿನ್ನ ಫೋನಿಗೆ ಬಂದ ಗಿಟಾರಿನ ಹಾಡುಗಳು ನಿನ್ನ ಅಪ್ಪ ಬಾರಿಸಿದವಲ್ಲ. ನಾನು ಬಾರಿಸಿದವು. ಗಿಟಾರು ಅವರದು, ಅಂಗಡಿ ಅವರದು, ಹಾಡಿಗೆ ಮೊದಲು ‘ಶ್ವೇತಾ, ಕೇಳವಾ’ ಎನ್ನುವ ದನಿಯೂ ಅವರದೇ. ಕೈ ಮಾತ್ರ ನನ್ನದು. ಇದನ್ನು ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟೆ. ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಸಾಲಿಯಲ್ಲಿ ನೀವೆಲ್ಲ ಆಡಿಕೊಳ್ಳುತ್ತಿದ್ದಿರಿ. ಇದೊಂದು ನಿಂತಿತ್ತು.

ಈಗ ಕ್ಷೇಮ. ನಾನು, ಅವ್ವ ಇಬ್ಬರೂ ಆರಾಮ. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಸೀನುತ್ತಿದೆ. ಅವ್ವ ದಿನಾಲೂ ಕಾಯಿಯ ತೊಟ್ಟು ಮುರಿಯಲು ಹೋಗುತ್ತಾಳೆ, ನಾನು ವಾರದಲ್ಲಿ ನಾಲ್ಕು ದಿನ. ನೀನು ನಾಲ್ಕು ಸಲ ಫೋನ್ ಮಾಡಿದೆ, ಒಂದೂ ಎತ್ತಲಿಲ್ಲ. ಮೊದಲನೇ ಸಲ ಕೈ ತುಂಬ ಖಾರ ಇತ್ತು. ಉಳಿದ ಮೂರು ಸಲ ಕೈ ತೊಳೆದುಕೊಂಡು ಸುಮ್ಮನೆ ಕೂತಿದ್ದೆ, ಫೋನು ಬಾಯಿ ಬಡಿದುಕೊಳ್ಳುವುದನ್ನು ನೋಡುತ್ತ. ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ‘ಅಪ್ಪನ ಹತ್ರ ಯಾಕ ಹೋಗವಲ್ಲಿ, ಹಾಡು ಯಾಕ ಬರವಲ್ದು’ ಎಂದು ನೀನು ಮೆಸೇಜು ಹಾಕಿದ್ದನ್ನು ಓದಿದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಅಳುತ್ತೀ, ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ. ಅದಕ್ಕೇ ಕಾಗದ. ಬರೆಯಲು ಕೂತರೆ ನನ್ನ ಭಾಷೆ ಪುಸ್ತಕದ್ದಾಗುತ್ತದೆ ಎಂದು ನೀನು ನಗುತ್ತಿದ್ದೆಯಲ್ಲ, ಈಗಲೂ ಹಾಗೇ ಆಗುತ್ತಿದೆ. ನಕ್ಕುಬಿಡು, ಆಮೇಲೆ ಮುಂದೆ ಓದು.

ಹತ್ತನೆಯ ತರಗತಿ ನಡುವೆ ನಾನು ಸಾಲಿ ಬಿಟ್ಟಾಗ ಎಲ್ಲರೂ ಒಂದೊಂದು ಕಾರಣ ಕಟ್ಟಿದರು. ಬಡತನ ಅಂದರು, ಅವ್ವನ ಆರೋಗ್ಯ ಅಂದರು. ನನ್ನನ್ನು ಕೇಳಿದವಳು ನೀನೊಬ್ಬಳೇ. ‘ಬೆಂಚಿನ ಮ್ಯಾಲೆ ಕುಂದ್ರಾಕ ಆಗಂಗಿಲ್ಲ, ಕಾಲು ಜುಮು ಜುಮು ಅಂತಾವ’ ಅಂದೆ. ‘ಅಷ್ಟನ?’ ಅಂದಿ. ‘ಅಷ್ಟ’ ಅಂದೆ. ರಾಣೇಬೆನ್ನೂರಿನ ಹಾಸ್ಟೆಲಿನಿಂದ ನನ್ನ ಟ್ರಂಕು ಒಯ್ಯಲು ಬಂದ ಆ ದಿನವೇ ನೀನು ಚಹಾ ಕುಡಿಸುತ್ತೇನೆಂದು ನಿಮ್ಮ ಹಾರ್ಮೋನಿಯಂ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದಿ. ನಿಮ್ಮಪ್ಪ ತೊಡೆಯ ಮೇಲೆ ಗಿಟಾರು ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತ ಒಂದು ಹಳೆ ಸಿನಿಮಾ ಹಾಡು ಬಾರಿಸುತ್ತಿದ್ದರು. ಹಾಡುವವರೇ ಇಲ್ಲ, ಆದರೆ ಹಾಡಿನ ಮಾತು ಒಂದೊಂದೂ ಕೇಳುತ್ತಿತ್ತು. ‘ಮಾಸ್ತರ, ಗಿಟಾರ್ ಯಾಕ ಮಲಗೇತ್ರಿ?’ ಅಂದೆ. ‘ದುಡದು ಸಾಕಾಗೇತಿ ತಂಗಿ, ಎಬ್ಬಸಬ್ಯಾಡ’ ಅಂದರು ಚಂದ್ರಪ್ಪ ಮಾಸ್ತರು. ಬೆಂಚಿನ ಮೇಲೆ ಅರ್ಧ ತಾಸು ಕೂಡ್ರಲಾಗದ ನಾನು ಅವತ್ತು ಅಂಗಡಿಯ ಕಟ್ಟೆಯ ಮೇಲೆ ಮೂರು ತಾಸು ಕೂತಿದ್ದೆ. ಟ್ರಂಕು ನೀನೇ ಬಸ್ ಸ್ಟ್ಯಾಂಡಿಗೆ ಹೊತ್ತು ತಂದಿ.

ಮರುವಾರದಿಂದ ಪ್ಯಾಸೆಂಜರ್ ರೈಲು ಹತ್ತಿ ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಬರತೊಡಗಿದೆ. ನಿಲ್ಲಿಸಿ ಹಿಡಿಯುವ ಗಿಟಾರು ನನ್ನಂಥವಳಿಗಲ್ಲ. ಇಡೀ ದಿನ ತೊಟ್ಟು ಮುರಿದ ಬೆರಳಿನ ತುದಿ ಬೆಂಕಿಯಾಗಿರುತ್ತದೆ, ತಂತಿ ಒತ್ತಿದರೆ ಜೀವ ಹೋಗುತ್ತದೆ. ಈ ಮಲಗಿಸಿದ ಗಿಟಾರಿನಲ್ಲಿ ಎಡಗೈಯ ಬೆರಳು ತಂತಿ ಒತ್ತುವುದೇ ಇಲ್ಲ, ಉಕ್ಕು ಒತ್ತುತ್ತದೆ. ಬಲಗೈ ಬೆರಳಿಗೆ ತಗಡಿನ ಉಗುರು. ಮಾಸ್ತರು ನನ್ನ ಕೆಂಪು ಬೆರಳು ನೋಡಿ ‘ಇದು ನಿನ್ನ ಸಲುವಾಗೇ ಮಾಡಿಟ್ಟಿದ್ದು ನೋಡು’ ಅಂದಿದ್ದರು. ಆ ಮಾತನ್ನು ನಾನು ಬಹಳ ದಿನ ನಂಬಿಕೊಂಡಿದ್ದೆ.

ಅವರು ಕಲಿಸುವ ರೀತಿ ನಿನಗೆ ಗೊತ್ತು. ಮೊದಲು ಹಾಡನ್ನು ಬಾಯಿಪಾಠ ಹೇಳಬೇಕು. ‘ಬಾಯಾಗ ಬರದ ಕೈಗೆ ಬರಂಗಿಲ್ಲ. ಅಕ್ಷರಕ್ಕೊಂದು ಮೀಟು. ಹಾಡಾಂವ ಅಕ್ಷರ ಎಳದಲ್ಲಿ ಮೀಟಬ್ಯಾಡ, ಕಬ್ಬಣ ಎಳಿ.’ ಉಕ್ಕಿನ ತುಂಡಿಗೆ ಅವರು ಕಬ್ಬಣ ಎಂದೇ ಅನ್ನುತ್ತಿದ್ದರು. ತಂತಿಗಳನ್ನು ಸಾ ಪಾ ಸಾ ಗಾ ಪಾ ಸಾ ಎಂದು ಶ್ರುತಿ ಕೂಡಿಸಿ, ಬೇಕಾದ ಸ್ವರ ನೇರಕ್ಕೆ ಸಿಗದಿದ್ದರೆ ಕಬ್ಬಣವನ್ನು ಓರೆ ಹಿಡಿಯುವುದು, ಓರೆಯಲ್ಲೂ ಸಿಗದಿದ್ದರೆ ಬಿಟ್ಟುಬಿಡುವುದು. ಒಂದು ಸಲ ಪರದೇಶದ ವಿಡಿಯೋ ತೋರಿಸಿದೆ, ಮಂಚದಂಥ ಗಿಟಾರು, ಕೆಳಗೆ ಸಾಲು ಪೆಡಲ್, ಕಾಲಿನಿಂದ ಒತ್ತಿದರೆ ಸ್ವರ ತಾನೇ ಏರುತ್ತದೆ, ಇಳಿಯುತ್ತದೆ. ಮಾಸ್ತರು ಬಹಳ ಹೊತ್ತು ನೋಡಿ, ‘ಅದಕ್ಕ ಕಾಲದಾವ, ಎಲ್ಲೆ ಬೇಕಾದಲ್ಲೆ ಹೊಕ್ಕೈತಿ. ನಮ್ಮದು ಕುಂಟ. ಕುಂತಲ್ಲೇ ಕುಂತು ಊರು ತಿರಗಬೇಕು’ ಅಂದರು. ಪ್ರೇಮವ್ವ ಚಿಕ್ಕಮ್ಮ ಒಳಗಿನಿಂದ, ‘ನಿಮ್ಮಂಗನ ಅನ್ರಿ’ ಎಂದು ಕೂಗಿದರು. ನಿನ್ನ ಅವ್ವನ ನಾಲಿಗೆ ಬ್ಯಾಡಗಿ ಕಾಯಿಗಿಂತ ಚುರುಕು.

ಇನ್ನು ‘ಬಾಗಿಲ ಹಾಡು’. ನಾವು ಇಟ್ಟ ಹೆಸರು ಅದು, ಆ ಹಳೆ ಭಾವಗೀತೆಗೆ. ‘ಸಂಜೆ ಬೆಳಕು ಜಾರುವಾಗ ನಿನ್ನ ಬಾಗಿಲಲ್ಲಿ ನಿಂತೆ.’ ಇದನ್ನು ನಾನು ಯಾವ ರೇಡಿಯೋದಿಂದಲೂ ಕಲಿತಿರಲಿಲ್ಲ. ಅವ್ವ ಕಾಯಿ ಹಸನು ಮಾಡುವಾಗ ಹೇಳುತ್ತಿದ್ದಳು, ಅವಳ ಬಾಯಲ್ಲಿ ಅದು ‘ನಿನ್ನ ಬಾಗಿಲಾಗ ನಿಂತೇನಿ’ ಆಗಿತ್ತು. ಹಾಗಾಗಿ ಎಲ್ಲರೂ ಎರಡು ಮೀಟು ಹಾಕಿ ಕೊನೆಯ ‘ತೆ’ಯನ್ನು ‘ಗಾ’ದಿಂದ ‘ಸಾ’ಗೆ ಎಳೆಯುವ ಜಾಗದಲ್ಲಿ ನಾನು ಮೂರು ಮೀಟುತ್ತಿದ್ದೆ. ನಿಂ, ತೇ, ನಿ. ಕೊನೆಯ ಸಾ ಎಳೆತದಲ್ಲಿ ಬರಬೇಕಾದ್ದು, ನನ್ನ ಕೈಯಲ್ಲಿ ಬಾಗಿಲು ತಟ್ಟಿದ ಹಾಗೆ ಬರುತ್ತಿತ್ತು. ಮಾಸ್ತರು ಮೂರು ತಿಂಗಳು ಬೈದರು. ‘ನಿಂತೆ ಅಂದರ ನಿಂತು ಹೋದಾಂವ. ನೀ ಬಾರಿಸಿದಾಂವ ಇನ್ನೂ ಅಲ್ಲೇ ನಿಂತಾನ. ಅವನ್ನ ಮನೀಗೆ ಕಳಸು’ ಅಂದರು. ಬೆರಳ ಗೆಣ್ಣಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದರು. ನೀನೂ ಇದ್ದಿ ಅವತ್ತು, ಬಾಯಿಗೆ ಓಡ್ನಿ ಹಿಡಿದು ನಗುತ್ತಿದ್ದಿ. ನನಗೆ ತಿದ್ದಿಕೊಳ್ಳಲು ಆಗಲಿಲ್ಲ. ಖರೇ ಹೇಳಬೇಕೆಂದರೆ ತಿದ್ದಿಕೊಳ್ಳಲು ಮನಸ್ಸಿರಲಿಲ್ಲ. ಅವ್ವನಿಗೆ ಅದು ಹಾಗೇ ಇತ್ತಲ್ಲ.

ನೀನು ಮದುವೆಯಾಗಿ ಬಾಗಲಕೋಟೆಗೆ ಹೋದ ಮೇಲೆ ಮಾಸ್ತರು ಭಾನುವಾರಕ್ಕೊಂದು ಹಾಡು ನಿನಗೆ ಕಳಿಸತೊಡಗಿದರು. ಆಗಿನವು ಅವರವೇ. ನಿನ್ನ ಪುಟ್ಟಿ ಹುಟ್ಟುವ ಹೊತ್ತಿಗೆ ಅವರ ಎಡಗೈ ನಡುಗಲು ಶುರುವಾಗಿತ್ತು. ಮೊದಮೊದಲು ಛಲೋ ಆಯಿತೆಂದರು, ಸ್ವರಕ್ಕೆ ತಾನೇ ಅಲುಗಾಟ ಬರುತ್ತದೆ ಎಂದು. ಆಮೇಲೆ ಕಬ್ಬಣ ತಂತಿಗೆ ಬಡಿದು ಕಟಕಟ ಅನ್ನತೊಡಗಿತು. ‘ಇಷ್ಟ ದಿನ ಕೈಯನ್ನ ನಾ ನಡಗಿಸ್ತಿದ್ದೆ, ಈಗ ನನ್ನನ್ನ ಕೈ ನಡಗಸಾಕತ್ತೈತಿ’ ಎಂದು ನಕ್ಕರು. ನಾನೂ ನಕ್ಕೆ. ಆ ಭಾನುವಾರ ಅವರು ಹನ್ನೊಂದು ಸಲ ಪ್ರಯತ್ನ ಮಾಡಿದರು, ಒಂದೂ ಕೂಡಿಬರಲಿಲ್ಲ. ಕೊನೆಗೆ ಗಿಟಾರನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು.

‘ಶ್ವೇತಾ ಬಾಣಂತಿ ಅದಾಳ. ಗೊತ್ತಾದರ ಕೂಸಿನ್ನ ಕಟಗೊಂಡು ಓಡಿ ಬರತಾಳ. ಸ್ವಲ್ಪ ದಿನ ನೀ ಬಾರಸು.’

‘ಸುಳ್ಳು ಹೇಳಾಕ ನನಗ ಬರಂಗಿಲ್ರಿ ಮಾಸ್ತರ.’

‘ನೀ ಏನೂ ಹೇಳಬ್ಯಾಡ. ಬಾರಿಸಾಕಿ ನೀನು, ಹೇಳಾಂವ ನಾನು. ನಿನ್ನ ಗೆಳತಿ ಸಲುವಾಗಿ ಇಷ್ಟ ಮಾಡಂಗಿಲ್ಲನು?’

ಮಾಡಿದೆ. ನಿನ್ನ ಸಲುವಾಗಿ ಎಂದರೆ ನಾನು ಬೇರೆ ಏನು ಹೇಳಲಿ. ಅವರು ‘ಶ್ವೇತಾ, ಕೇಳವಾ’ ಎಂದು ಹೇಳಿ ಫೋನನ್ನು ನನ್ನ ಮುಂದೆ ಇಡುತ್ತಿದ್ದರು. ಸ್ವಲ್ಪ ದಿನ ಎನ್ನುವುದು ಎರಡು ವರ್ಷವಾಯಿತು. ಸಂಜೆ ನೀನು ಕಳಿಸುವ ಮಾತನ್ನು ಮಾಸ್ತರು ಸ್ಪೀಕರಿನಲ್ಲಿ ಹಾಕುತ್ತಿದ್ದರು. ‘ಅಪ್ಪಾ, ಈ ವಾರದ್ದು ಭಾಳ ಛಲೋ ಬಂತು, ಪುಟ್ಟಿ ಕೇಳಕೊಂತ ಮಲಗಿದಳು.’ ಆಗ ನಾನು ತಂತಿ ಒರೆಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಖುಷಿಯಾಗುತ್ತಿತ್ತು, ಅದೇ ಹೊತ್ತಿಗೆ ಕಳ್ಳತನ ಮಾಡಿದ ಹಾಗೂ ಅನಿಸುತ್ತಿತ್ತು. ನಿನ್ನ ಹೊಗಳಿಕೆ ನನ್ನದು, ಆದರೆ ನನ್ನ ಹೆಸರಿಗೆ ಬಂದದ್ದಲ್ಲ.

ಹೋದ ದಸರೆಯ ಹೊತ್ತಿಗೆ ಹಾವೇರಿಯ ಒಂದು ಸಂಗೀತ ಬಳಗದವರು ಅಂಗಡಿಗೆ ಬಂದರು. ಈ ಹಾಡುಗಳು ಅವರ ಕಿವಿಗೆ ಬಿದ್ದಿದ್ದವು. ನಿಮ್ಮ ಮನೆಯವರು ಯಾರಿಗೋ ಕಳಿಸಿ, ಅವರು ಇನ್ಯಾರಿಗೋ ಕಳಿಸಿ, ಹಾಗೆ ಹೋಗಿರಬೇಕೆಂದು ಮಾಸ್ತರು ಹೇಳಿದರು. ಹದಿನಾರು ಹಾಡು ಆರಿಸಿ ಇಂಟರ್ನೆಟ್ಟಿಗೆ ಹಾಕುತ್ತೇವೆ, ಮಾಸ್ತರಿಗೆ ಸನ್ಮಾನ ಮಾಡುತ್ತೇವೆ ಅಂದರು. ಅವರು ಹೋದ ಮೇಲೆ ನಾನು ಕೇಳಿದೆ, ‘ಮಾಸ್ತರ, ಇನ್ನರ ಹೇಳೋಣಲ್ರಿ?’ ‘ಹೇಳೋಣ. ಸಭಾದಾಗನ ಹೇಳತೇನಿ. ಎಲ್ಲಾರ ಮುಂದ ನಿನ್ನ ಕರದು ನಿಂದರಸ್ತೇನಿ’ ಅಂದರು. ಜನವರಿ ಹತ್ತೊಂಬತ್ತರ ಬೆಳಿಗ್ಗೆ ಹಾವೇರಿ ಬಸ್ಸಿನಲ್ಲಿ ಮತ್ತೆ ಕೇಳಿದೆ. ‘ಎಷ್ಟ ಸಲ ಕೇಳತಿಯವಾ. ಹೇಳತೇನಂದಮ್ಯಾಲೆ ಹೇಳತೇನಿ’ ಅಂದರು. ಅವ್ವ ಪೆಟ್ಟಿಗೆಯಿಂದ ತೆಗೆದುಕೊಟ್ಟ ಇಳಕಲ್ ಸೀರೆ ಉಟ್ಟಿದ್ದೆ, ಶ್ವೇತಾ. ನಾನು ಸೀರೆ ಉಟ್ಟದ್ದು ನಿನ್ನ ಮದುವೆಯಲ್ಲಿ ಒಮ್ಮೆ, ಅವತ್ತು ಒಮ್ಮೆ.

ನಿನ್ನ ಪುಟ್ಟಿಗೆ ಜ್ವರ ಎಂದು ನೀನು ಬಂದಿರಲಿಲ್ಲ. ಸಭಾಭವನ ತುಂಬಿತ್ತು. ಮಾಸ್ತರು ರುಮಾಲು ಸುತ್ತಿಕೊಂಡು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಮೇಲೆ ಕೂತರು. ಕೈಗೆ ಸ್ವಲ್ಪ ಪೆಟ್ಟಾಗಿದೆ, ಇವತ್ತು ಧ್ವನಿಮುದ್ರಣವನ್ನೇ ಕೇಳಿಸುತ್ತೇವೆ ಎಂದು ನಿರೂಪಕ ಹೇಳಿದ. ದೊಡ್ಡ ಸ್ಪೀಕರಿನಲ್ಲಿ ನನ್ನ ಕೈ ಕೇಳಿಸಿತು. ಅಷ್ಟು ದೊಡ್ಡದಾಗಿ ನಾನು ಎಂದೂ ಕೇಳಿರಲಿಲ್ಲ. ಬೆರಳ ಉಗುರು ತಂತಿಗೆ ತಾಗುವ ಸಣ್ಣ ಸದ್ದೂ ಗೊತ್ತಾಗುತ್ತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣು ಒರೆಸಿಕೊಂಡಳು. ನನ್ನ ಎರಡೂ ಕಾಲು ಜುಮುಗುಡುತ್ತಿದ್ದವು, ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು.

ಬಾಗಿಲ ಹಾಡು ಮುಗಿದ ಕೂಡಲೇ ಅಗಡಿಯ ಬೀರಲಿಂಗಪ್ಪ ಎನ್ನುವ ವಯಸ್ಸಾದ ಹಾಡುಗಾರರು ಎದ್ದು ನಿಂತರು. ಆ ಹಾಡನ್ನು ಅವರು ನಲವತ್ತು ವರ್ಷದಿಂದ ಹಾಡುತ್ತ ಬಂದವರು.

‘ಚಂದ್ರಪ್ಪ ಮಾಸ್ತರ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಿಂತೆ ಅನ್ನೂದಕ್ಕ ಎರಡ ಅಕ್ಷರ. ನೀವು ಮೂರು ಮೀಟು ಹಾಕೀರಿ. ಒಂದು ಸಲ ಆದರ ಕೈ ತಪ್ಪಿತು ಅನ್ನಬಹುದು, ನಾಕೂ ಸಲ ಹಾಕೀರಿ. ಯಾಕ?’

ಸಭೆ ನಕ್ಕಿತು. ನಾನು ಎದ್ದು ನಿಂತೆ. ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಇದು ನನ್ನ ಹುಡುಗಿಯ ಕೈ, ಅದು ಅವಳ ತಪ್ಪು, ಎಷ್ಟು ಬೈದರೂ ಬಿಡಲಿಲ್ಲ ಎಂದು ಅವರು ನಗುತ್ತ ಹೇಳಿದ್ದರೆ ಅಷ್ಟೇ ಸಾಕಿತ್ತು. ನಾನು ತಪ್ಪಿನ ಒಡತಿಯಾಗಿಯೇ ವೇದಿಕೆ ಹತ್ತುತ್ತಿದ್ದೆ.

ನಿನ್ನ ಅಪ್ಪ ಮೈಕನ್ನು ಬಲಗೈಯಲ್ಲಿ ಹತ್ತಿರಕ್ಕೆ ಎಳೆದುಕೊಂಡರು. ‘ಬೀರಲಿಂಗಪ್ಪನವರ, ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ. ಅದು ನಾ ಬೇಕಂತನ ಮಾಡಿದ್ದು. ಪುಸ್ತಕದಾಗ ನಿಂತೆ ಅಂತ ಐತಿ. ನಮ್ಮ ಹೆಣ್ಣಮಕ್ಕಳ ಬಾಯಾಗ ಅದು ನಿಂತೇನಿ. ಹಾಡಿನಾಗಿನಾಂವ ಇನ್ನೂ ಬಾಗಿಲಾಗ ನಿಂತಾನ್ರಿ, ಹೋಗಿಲ್ಲ. ಇದನ್ನ ಹುಡುಕಾಕ ನನಗ ಮೂವತ್ತು ವರ್ಷ ಬೇಕಾತು.’

ಮೊದಲು ಬೀರಲಿಂಗಪ್ಪನವರೇ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ. ನಾನು ನಿಂತೇ ಇದ್ದೆ. ನಿರೂಪಕ ನನ್ನನ್ನು ನೋಡಿ, ಆ ತಂಗಿಗೂ ಏನೋ ಕೇಳುವುದಿದೆ, ಯಾರು ಅವರು ಎಂದು ಮೈಕಿನಲ್ಲೇ ಕೇಳಿದ. ನಿನ್ನ ಅಪ್ಪ ಒಂದು ಕ್ಷಣ ನನ್ನನ್ನು ನೋಡಿದರು. ‘ನಮ್ಮ ಅಂಗಡ್ಯಾಗ ತಂತಿ ಒರಸಾಕ ಬರತಾಳ. ಛಲೋ ಹುಡುಗಿ’ ಅಂದರು. ನಾನು ಬಾಯಿ ತೆರೆದೆ. ಪಕ್ಕದಲ್ಲಿದ್ದ ನಿನ್ನ ಅವ್ವ ನನ್ನ ಸೆರಗು ಹಿಡಿದು ಜಗ್ಗಿದರು. ‘ಕುಂದರವಾ, ಅವರ ಮಾರಿ ನೋಡು, ಸತ್ತೋಗ್ತಾರ’ ಎಂದು ಪಿಸುಗುಟ್ಟಿದರು. ನೋಡಿದೆ. ರುಮಾಲಿನ ಕೆಳಗೆ ಹಣೆ ಬೆವರಿತ್ತು, ಗಿಟಾರಿನ ಅಡಿಯಲ್ಲಿ ಎಡಗೈ ಹುಚ್ಚು ಹಿಡಿದ ಹಾಗೆ ಕುಣಿಯುತ್ತಿತ್ತು, ಅದನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದರು. ನಾನು ಕೂತುಬಿಟ್ಟೆ. ಅವತ್ತು ಕೂತದ್ದಕ್ಕೆ ಇವತ್ತಿನವರೆಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮ್ಮ ನೀರು ತರಲು ಹೋದಾಗ ಕೇಳಿದೆ. ಮಾಸ್ತರ ಕೊರಳಲ್ಲಿ ಇನ್ನೂ ಹಾರ ಇತ್ತು.

‘ಹೇಳತೇನಂದಿದ್ರಿ.’

‘ಅಷ್ಟು ಮಂದ್ಯಾಗ ಹೆಂಗ ಹೇಳಲಿ? ಹಾರ ಹಾಕಿದ ಮ್ಯಾಲೆ ಹೆಂಗ ತಗೀಲಿ?’

‘ತಂತಿ ಒರಸಾಕಿ ಅಂದ್ರಿ.’

‘ಒರಸಂಗಿಲ್ಲನು? ಸುಳ್ಳೇನು ಅದು?’

‘ಸುಳ್ಳಲ್ಲ. ಅರ್ಧಾ ಖರೇ.’

ಆಗ ಅವರಿಗೆ ಸಿಟ್ಟು ಬಂತು. ‘ಏಳು ವರ್ಷ ಕಲಿಸಿದ್ದು ಯಾರು? ಕಬ್ಬಣ ಹಿಡಿಯೂದು ಹೆಂಗ ಅಂತ ಗೊತ್ತಿತ್ತೇನು ನಿನಗ? ಕೈ ನಿಂದ ಇರಬಹುದು ಹೊಳಿ, ಕೈಯಾಗಿಂದು ಎಲ್ಲಾ ನಂದು.’

‘ಎಲ್ಲಾ ನಿಮ್ಮದ ಆಗಲ್ರಿ. ತಪ್ಪರ ನನಗ ಬಿಡ್ರಿ. ಅದಕ್ಕ ನೀವು ಮೂರು ತಿಂಗಳು ಬಡದೀರಿ.’

ಅವರು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಕೈ ನಡುಗುತ್ತಿದ್ದುದರಿಂದ ಚೆಂಡುಹೂವು ಉದುರತೊಡಗಿತು. ಚಿಕ್ಕಮ್ಮ ಬಂದರು. ಬಸ್ಸು ಬಂತು. ನಾನು ಆ ಬಸ್ಸು ಹತ್ತಲಿಲ್ಲ, ಮುಂದಿನದಕ್ಕೆ ಬಂದೆ. ಅವತ್ತಿನಿಂದ ರಾಣೇಬೆನ್ನೂರಿಗೆ ಹೋಗಿಲ್ಲ. ನಿನಗೆ ಹಾಡು ಬರದೇ ಇರುವುದಕ್ಕೆ ಕಾರಣ ಇಷ್ಟು.

ಇಷ್ಟು ಬರೆದು ನಡುವೆ ಎದ್ದು ಹೋಗಿ ಅವ್ವನಿಗೆ ರೊಟ್ಟಿ ಬಡಿದುಕೊಟ್ಟು ಬಂದೆ. ಅವಳಿಗೆ ಈ ವಿಷಯ ಪೂರ್ತಿ ಹೇಳಿದ್ದೇನೆ. ‘ಅಕ್ಷರ ತಪ್ಪಿ ಹೇಳಿದಾಕಿ ನಾನು, ಜಗಳ ನೀವು ಮಾಡ್ಕೊಂತೀರಿ’ ಅಂದಳು. ಅವಳಿಗೆ ತನ್ನ ಹಾಡು ಹಾವೇರಿಯ ಸ್ಪೀಕರಿನಲ್ಲಿ ಬಂತೆಂದೇ ದೊಡ್ಡ ಹಿಗ್ಗು. ಓಣಿಯಲ್ಲಿ ಹೇಳಿಕೊಂಡು ಬಂದಿದ್ದಾಳೆ.

ಒಂದು ಸುದ್ದಿ ಒಳ್ಳೆಯದಿದೆ. ನಾನೇ ಒಂದು ಗಿಟಾರು ಮಾಡಿಕೊಂಡೆ. ಯಾರೋ ಬಿಸಾಡಿದ ಸಾದಾ ಗಿಟಾರನ್ನು ತಂದು, ತಂತಿಗಳ ಕೆಳಗೆ ದಪ್ಪ ಪಟ್ಟಿ ಕೊಟ್ಟು ಎತ್ತರಿಸಿದೆ. ಕಬ್ಬಣವನ್ನು ಲೇಥಿನವನ ಹತ್ತಿರ ಮಾಡಿಸಿದೆ. ಹೋದ ತಿಂಗಳು ಹಲಗೇರಿಯಲ್ಲಿ ಒಂದು ಮದುವೆಯಲ್ಲಿ ಬಾರಿಸಿದೆ. ಊಟದ ಪಂಕ್ತಿಯಿಂದ ಒಬ್ಬ ಅಜ್ಜ, ‘ತಂಗಿ, ಅದನ್ಯಾಕ ಇಸ್ತ್ರಿ ಮಾಡಾಕತ್ತೀ?’ ಎಂದು ಕೂಗಿದ. ಎಲ್ಲರೂ ನಕ್ಕರು. ಒಂದು ಹಾಡು ಮುಗಿಯುವ ಹೊತ್ತಿಗೆ ಅದೇ ಅಜ್ಜ ಎಲೆ ಬಿಟ್ಟು ಎದ್ದು ಬಂದು ನನ್ನ ಮುಂದೆ ಕೂತ, ಕೈಯಲ್ಲಿ ಹೋಳಿಗೆ ಹಿಡಿದುಕೊಂಡು. ಕೊನೆಗೆ ನಿನ್ನ ಹೆಸರೇನವಾ ಎಂದು ಕೇಳಿದ. ಹೇಳಿದೆ. ಅದಕ್ಕಿಂತ ಹೆಚ್ಚೇನೂ ನನಗೆ ಬೇಕಿರಲಿಲ್ಲ, ಶ್ವೇತಾ. ಬಾರಿಸಿದ ಮೇಲೆ ಯಾರಾದರೂ ಹೆಸರು ಕೇಳಬೇಕು, ನಾನು ನನ್ನದೇ ಹೆಸರು ಹೇಳಬೇಕು.

ಆ ಮದುವೆಗೆ ಕೊಟ್ರೇಶ ಎನ್ನುವವರು ಬಂದಿದ್ದರು, ಒಂದು ನಾಟಕ ಕಂಪನಿಯ ಮ್ಯಾನೇಜರು. ಅವರ ಕಂಪನಿ ಈಗ ಸಿಂಧನೂರಿನಲ್ಲಿ ಕ್ಯಾಂಪ್ ಹಾಕಿದೆ. ಪರದೆ ಬಿದ್ದು ಏಳುವ ನಡುವೆ ಹಳೆ ಹಾಡು ಬಾರಿಸಲು ಕರೆಯುತ್ತಿದ್ದಾರೆ. ‘ಬೋರ್ಡಿನ ಮ್ಯಾಲೆ ಹೆಸರು ಹಾಕತೇವಿ, ಸಣ್ಣಾಗಿ’ ಎಂದರು. ಸಣ್ಣದು ಎಂದು ಮೊದಲೇ ಹೇಳಿದ್ದು ನನಗೆ ಹಿಡಿಸಿತು. ಆದರೂ ಇನ್ನೂ ಹೂಂ ಅಂದಿಲ್ಲ. ಅವ್ವನನ್ನು ಬಿಟ್ಟು ಹೋಗುವುದು ಒಂದು, ಇನ್ನೊಂದು ನೀನು.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಆ ಹದಿನಾರು ಹಾಡಿನ ಕೆಳಗೆ ಈಗ ಚಂದ್ರಪ್ಪ ಮಾಸ್ತರ ಹೆಸರಿದೆ. ಅದನ್ನು ತೆಗೆಯುವುದು ಬೇಡ. ಕಲಿಸಿದವರು ಅವರು, ಅದು ಎಲ್ಲಿಗೂ ಹೋಗುವುದಿಲ್ಲ. ಅದರ ಕೆಳಗೆ ‘ನುಡಿಸಿದವಳು ಹೊಳಿಯವ್ವ’ ಎಂದು ಒಂದು ಸಾಲು ಬರಲಿ. ನಾನು ಹೇಳಿದರೆ ಅವರಿಗೆ ಹಟ. ನೀನು ಹೇಳಿದರೆ ಕೇಳುತ್ತಾರೆ, ನಿನ್ನ ಮಾತು ಅವರು ಎಂದೂ ಮೀರಿದವರಲ್ಲ. ಅಪ್ಪನ ಕೈ ಹೋಗಿದೆ ಎನ್ನುವುದು ನಿನಗೆ ನನ್ನ ಕಾಗದದಿಂದ ತಿಳಿಯುವಂತಾಯಿತು, ಅದಕ್ಕೆ ನನ್ನನ್ನು ಕ್ಷಮಿಸು. ಮೊದಲು ಅತ್ತುಬಿಡು. ಆಮೇಲೆ ಅವರನ್ನು ನೋಡಲು ಬಾ. ಸಿಟ್ಟು ಮಾಡಬೇಡ, ಆ ಕೈ ನೋಡಿದರೆ ಸಿಟ್ಟು ಬರುವುದಿಲ್ಲ. ಆಮೇಲೆ ಈ ಒಂದು ಮಾತು ಹೇಳು. ನಿನ್ನ ಉತ್ತರ ಬರುವವರೆಗೆ ನಾನು ಕೊಟ್ರೇಶ ಅವರಿಗೆ ಏನೂ ಹೇಳುವುದಿಲ್ಲ. ನೀನು ಹೂಂ ಅಂದರೆ ಮತ್ತೆ ರೈಲು ಹತ್ತಿ ಅಂಗಡಿಗೆ ಹೋಗುತ್ತೇನೆ, ಅವರ ಮುಂದೆಯೇ ಕೂತು ಬಾರಿಸುತ್ತೇನೆ, ಬೈಸಿಕೊಳ್ಳುತ್ತೇನೆ. ನಮ್ಮಿಬ್ಬರ ನಡುವೆ ಇದ್ದ ಸುಳ್ಳು ಇವತ್ತಿಗೆ ಮುಗಿಯಿತು ಎಂದು ಹಗುರವಾಗಿದ್ದೇನೆ.

ಪುಟ್ಟಿಗೆ ನನ್ನ ಮುತ್ತು. ಅವಳ ಕಾಲಿಗೆ ಕಪ್ಪು ದಾರ ಕಟ್ಟಲು ಅವ್ವ ಹೇಳಿದ್ದಾಳೆ, ದೃಷ್ಟಿ ತಾಗಬಾರದು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಗಳು ಬೆಂಚಿನ ಮೇಲೆ ಕೂಡ್ರುವಂಥವಳಾಗಲಿ.

ನಿನ್ನವಳೇ ಆದ
ಹೊಳಿಯವ್ವ

ತಾ.ಕ. ಸೋಮವಾರ, ಮಧ್ಯಾಹ್ನ.

ನಿನ್ನೆ ಭಾನುವಾರ, ಪೋಸ್ಟ್ ಆಫೀಸು ಇರಲಿಲ್ಲ, ಕಾಗದ ಮನೆಯಲ್ಲೇ ಉಳಿಯಿತು. ಇವತ್ತು ಬೆಳಿಗ್ಗೆ ನಿನ್ನ ಅವ್ವ ವರ್ಷದ ಮೆಣಸಿನಕಾಯಿ ಒಯ್ಯಲು ಬಂದಿದ್ದರು, ಎಂದಿನಂತೆ ನಮ್ಮ ಅವ್ವನ ಕೈಯಿಂದ ಆರಿಸಿಕೊಂಡು ಹೋಗಲು. ಹೊಸ್ತಿಲ ಮೇಲೆ ಕೂತು ಕಾಯಿ ಮುರಿದು ಬಣ್ಣ ನೋಡುತ್ತ, ‘ಸಿಟ್ಟು ಬಿಡವಾ, ಬಾ. ಹುಬ್ಬಳ್ಳ್ಯಾಗ ಇನ್ನೊಂದು ಕಾರ್ಯಕ್ರಮ ಕೊಟ್ಟಾರ, ಹೊಸಾ ಹಾಡು ಬೇಕಾಗ್ಯಾವ. ಅದಕ್ಕ ಶ್ವೇತಾ ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾಗ್ಯಾಳ’ ಅಂದರು.

ನಾನು ಈ ಕಾಗದ ತೋರಿಸಿದೆ. ಅವಳಿಗೆ ಎಲ್ಲ ಬರೆದಿದ್ದೇನೆ, ಇನ್ನು ಅವಳೇ ನೋಡುತ್ತಾಳೆ ಅಂದೆ.

ಅವರು ನಕ್ಕರು. ಕೆಟ್ಟ ನಗು ಅಲ್ಲ, ಪಾಪ. ‘ಅಕಿಗೇನು ಬರಿತೀ ಹುಚ್ಚಿ. ಡಾಕ್ಟರು ಇವರ ಕೈ ಬಗ್ಗೆ ಹೇಳಿದ ದಿನಾನ ನಾ ಅಕಿಗೆ ಫೋನ್ ಮಾಡಿದ್ದೆ. ಹೊಳಿನ್ನ ಬಾರಿಸಾಕ ಕೂಡ್ರಸ್ರಿ ಅಂತ ಹೇಳಿದಾಕಿನ ಅಕಿ. ನನಗ ಗೊತ್ತಿಲ್ಲ ಅಂತ ಹೊಳಿಗೆ ಹೇಳ್ರಿ, ಇಲ್ಲಾಂದ್ರ ಅಕಿ ಖರೇ ಖರೇ ಅಂತ ಊರ ತುಂಬ ಸಾರತಾಳ. ನನ್ನ ಸಲುವಾಗಿ ಅಂದರ ಬಾಯಿ ಮುಚಗೊಂಡು ಬಾರಸ್ತಾಳ ಅಂದಳು. ಹಾವೇರಿಯವರಿಗೆ ಹಾಡು ಕಳಸಿದಾಕಿನೂ ಅಕೀನ. ಅಪ್ಪಗ ಒಂದು ಹೆಸರಾಗಲಿ, ಸಾಲಿ ಬಿಟ್ಟಾಕಿಗೆ ಹೆಸರು ತಗೊಂಡು ಏನಾಗಬೇಕಾಗೇತಿ ಅಂದಳು’ ಎಂದು ಹೇಳಿ, ನನ್ನ ಮುಖ ನೋಡಿ, ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ‘ಇಷ್ಟ ದಿನದಾಗ ನಿನಗ ಗೊತ್ತಾಗಿರತೈತಿ ಅನಕೊಂಡಿದ್ನೆವಾ’ ಅಂದರು.

ಗೊತ್ತಿರಲಿಲ್ಲ.

ನಿನ್ನ ಅಪ್ಪನ ಮೇಲಿನ ಸಿಟ್ಟು ನನಗೆ ಅಲ್ಲಿಗೆ ಮುಗಿಯಿತು. ಅವರಿಗೆ ಕೈ ಹೋಗಿತ್ತು, ಹೆದರಿದ್ದರು. ನಿನಗೆ ಏನು ಹೋಗಿತ್ತು ಶ್ವೇತಾ? ಇಡೀ ಊರಿನಲ್ಲಿ ನನಗೆ ಎಲ್ಲಿ ಒತ್ತಿದರೆ ಬಾಯಿ ಮುಚ್ಚುತ್ತದೆಂದು ಗೊತ್ತಿದ್ದವಳು ನೀನೊಬ್ಬಳು. ಅಲ್ಲೇ ಒತ್ತಿಸಿದಿ.

ಬರೆದದ್ದನ್ನು ಹರಿದು ಹಾಕಬೇಕೆಂದುಕೊಂಡೆ, ಹಾಕಲಿಲ್ಲ. ಒಂದಕ್ಷರವನ್ನೂ ಬದಲಿಸಿಲ್ಲ. ನಿನ್ನೆ ಇದನ್ನು ಬರೆದವಳು ನಿನ್ನನ್ನು ನಂಬಿದ್ದಳು, ಅದನ್ನು ನೀನು ಓದಬೇಕು. ಉತ್ತರ ಬರೆಯಬೇಡ. ಮೇಲೆ ಕೇಳಿದ್ದನ್ನು ಕೇಳಿಲ್ಲ ಎಂದು ತಿಳಿ.

ಕೊಟ್ರೇಶ ಅವರಿಗೆ ಫೋನ್ ಮಾಡಿ ಬರುತ್ತೇನೆಂದು ಹೇಳಿದೆ. ಅವ್ವ ರೊಟ್ಟಿ ಕಟ್ಟುತ್ತಿದ್ದಾಳೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಸಿಂಧನೂರಿಗೆ ಹೊರಡುತ್ತೇನೆ.